ಕಾಯುವ ದಿನಗಳ ಸಂದೇಹಗಳು

ಬೆಳದಿಂಗಳ ರಾತ್ರಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, "ಅಗೋ, ಚಂದಮಾಮ ನೋಡು" ಎಂದು ಬೆರಳು ತೋರಿಸುತ್ತ ಅನ್ನ ಉಣಿಸುವ ದೃಶ್ಯ ನಮ್ಮ ನಾಡಿನಲ್ಲಿ ಯಾರಿಗೆ ತಾನೆ ಅಪರಿಚಿತ? ಆರೇಳು ತಿಂಗಳ ಕೂಸು ಆ ಬೆರಳನ್ನೇ ನೋಡುತ್ತದೆ. ಅದರ ಪಾಲಿಗೆ ಬೆರಳೂ ಒಂದು ವಸ್ತು, ಅಷ್ಟೆ. ವರ್ಷ ತುಂಬುವ ಸುಮಾರಿಗೆ ಒಂದು ಮಾರ್ಪಾಡು ಕಾಣಬರುತ್ತದೆ. ಬೆರಳ ತುದಿಯಿಂದ ಹೊರಟ, ಕಣ್ಣಿಗೆ ಕಾಣದ ಒಂದು ಸರಳರೇಖೆಯನ್ನು ಹಿಡಿದು ಮಗುವಿನ ದೃಷ್ಟಿ ಚಂದ್ರನವರೆಗೂ ಸಾಗುತ್ತದೆ. ಅಲ್ಲಿಂದ ತಾಯಿಯ ಮುಖಕ್ಕೆ ಮರಳುತ್ತದೆ, 'ನೀನೂ ಕಂಡೆಯಷ್ಟೆ?' ಎಂದು ಕೇಳುವಂತೆ. ಇನ್ನು ಕೆಲವು ತಿಂಗಳು ಕಳೆದರೆ ಮಗುವೇ ಬೆರಳು ಚಾಚಿ ತೋರಿಸತೊಡಗುತ್ತದೆ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣಲೆಂಬ ಆಸೆಯಿಂದ.

ಮನೋವಿಜ್ಞಾನಿಗಳು ಇದಕ್ಕೆ ಜಂಟಿ ಗಮನ ಎಂದು ಹೆಸರಿಟ್ಟಿದ್ದಾರೆ. ಮಾತಿಗಿಂತ ಮೊದಲೇ ಮಗು ಕಲಿಯುವ ಮಾತು ಇದೆಂದರೂ ಸಲ್ಲುವುದು. ಇದು ಬಹಳ ತಡವಾಗಿ ಬರುವುದು, ಅಥವಾ ಬಾರದೆಯೇ ಇರುವುದು, ಆಟಿಸಂ ಎಂಬ ಸ್ಥಿತಿಯ ಆರಂಭದ ಸುಳಿವುಗಳಲ್ಲೊಂದು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುವರು.

ಈ ಲೇಖನವನ್ನು ಬರೆಯಲು ನಮಗೊಂದು ಸ್ವಂತ ಕಾರಣವೂ ಉಂಟು. ನಮ್ಮ ಮಗನಿಗೆ ಈಗ ಎರಡು ವರ್ಷ ಏಳು ತಿಂಗಳು. ಚಂದ್ರನನ್ನು ತೋರಿಸಿದರೆ ಅವನು ಇಂದಿಗೂ ಬೆರಳನ್ನೇ ನೋಡುತ್ತಾನೆ. ಕೆಲವೊಮ್ಮೆ ಅದನ್ನೂ ನೋಡುವುದಿಲ್ಲ. ನೀರು ಬೇಕಾದರೆ ನಮ್ಮ ಮಣಿಕಟ್ಟನ್ನು ಹಿಡಿದು ಹೂಜಿಯ ಬಳಿಗೆ ಎಳೆದೊಯ್ಯುತ್ತಾನೆ, ಮುಖವನ್ನು ನೋಡುವುದಿಲ್ಲ. ಹದಿನೈದನೆಯ ತಿಂಗಳಲ್ಲಿ ಅವನಿಗೆ 'ಅಮ್ಮ', 'ತಾತ', 'ಬೌ' ಎಂಬ ಮೂರು ಮಾತುಗಳಿದ್ದವು. ಇಪ್ಪತ್ತನೆಯ ತಿಂಗಳ ಹೊತ್ತಿಗೆ ಮೂರೂ ಇಲ್ಲವಾದವು. ಕುಕ್ಕರಿನ ವಿಷಲನ್ನು ನೆಲದ ಮೇಲೆ ಬುಗುರಿಯಂತೆ ಅರ್ಧ ಗಂಟೆ ತಿರುಗಿಸುತ್ತ ಕುಳಿತಿರಬಲ್ಲ. ತಜ್ಞರು ಅವನನ್ನು ನೋಡಿ ನಿರ್ಣಯ ಹೇಳುವುದಕ್ಕೆ ಐದು ತಿಂಗಳ ಮುಂದಿನ ದಿನವೊಂದು ನಮಗೆ ದೊರೆಯಿತು. ಅದಕ್ಕೆ ಇನ್ನು ಆರು ವಾರ ಉಳಿದಿದೆ.

ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾವು ಪ್ರತಿ ವರ್ಷವೂ ಮಾಪನದಲ್ಲಿ ಬರುವ ದೋಷಗಳನ್ನು ಕುರಿತು ಪಾಠ ಹೇಳುತ್ತೇವೆ. ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯದೋಷ, ಲೋಲಕದ ಅವಧಿಯನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವ ಕ್ರಮ ಇತ್ಯಾದಿ. ಈ ಪಾಠ ಒಂದು ದಿನ ಮನೆಯ ಹೊಸಲು ದಾಟಿ ಒಳಗೆ ಬರುವುದೆಂದು ಎಣಿಸಿರಲಿಲ್ಲ. ಬಂದಮೇಲೆ ತಿಳಿದದ್ದಿಷ್ಟು: ತಂದೆತಾಯಿಗಳಿಗೆ ಬರುವ ಸಂದೇಹಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಪರೀಕ್ಷೆಯಿಂದ ಕರಗುವಂಥವು. ಕೆಲವು ಯಾವ ಪರೀಕ್ಷೆಗೂ ಕರಗದಂಥವು. ಇನ್ನು ಕೆಲವಕ್ಕೆ ಉತ್ತರ ಎಂದೋ ದೊರೆತಿದ್ದರೂ ನಮ್ಮ ಮನಸ್ಸು ಅದನ್ನು ಒಪ್ಪದೆ ಹಟ ಹಿಡಿದಿರುತ್ತದೆ. ಇವನ್ನು ಬೇರೆ ಬೇರೆ ಮಾಡಿ ನೋಡುವುದು ನಮ್ಮ ಉದ್ದೇಶ. ವಿದ್ಯಾರ್ಥಿಗಳಾದ ನಿಮಗೆ ಇದರಿಂದೇನು ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ನಿಮ್ಮ ಅಕ್ಕನ ಮಗುವೋ, ಪಕ್ಕದ ಮನೆಯ ಮಗುವೋ, ಹಿಂದಿನ ಬೆಂಚಿನ ಸಹಪಾಠಿಯೋ ಆ ಒಬ್ಬರಾಗಿರಬಹುದು.

ಮೊದಲು ಹೆಸರಿನ ವಿಚಾರ. 1938ರಲ್ಲಿ ಅಮೆರಿಕದ ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಪತ್ರವೊಂದನ್ನು ಬೆರಳಚ್ಚು ಮಾಡಿಸಿ ಕಳುಹಿಸಿದರು. ಐದು ವರ್ಷದ ತಮ್ಮ ಮಗ ಡೊನಾಲ್ಡ್ ಏನು ತಿನ್ನುತ್ತಾನೆ, ಯಾವುದನ್ನು ತಿರುಗಿಸುತ್ತಾನೆ, ಯಾವ ಮಾತನ್ನು ಹೇಗೆ ಹೇಳುತ್ತಾನೆ ಎಂಬುದೆಲ್ಲ ಅದರಲ್ಲಿತ್ತು. ಅಂದಿಗೆ ಈ ಸ್ಥಿತಿಗೆ ವೈದ್ಯಗ್ರಂಥಗಳಲ್ಲಿ ನೆಲೆಯಾದ ಹೆಸರಿರಲಿಲ್ಲ. 1943ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಿ ಪ್ರಬಂಧವೊಂದನ್ನು ಪ್ರಕಟಿಸಿದಾಗ ಡೊನಾಲ್ಡನೇ ಅದರ ಮೊದಲನೆಯ ಮಗು. ತಂದೆಯ ಪತ್ರವೇ ಆ ವರ್ಣನೆಯ ಆಧಾರ. ಗ್ರೂನ್ಯಾ ಸುಖರೇವಾ ಎಂಬ ಮಾಸ್ಕೋ ನಗರದ ವೈದ್ಯೆ 1925ರಲ್ಲಿಯೇ ಇಂಥ ಮಕ್ಕಳನ್ನು ಕುರಿತು ಬರೆದಿದ್ದರು. ಲೋಕ ಅದನ್ನು ಬಹುಕಾಲ ಗಮನಿಸಲಿಲ್ಲ. ಡೊನಾಲ್ಡ್ ಟ್ರಿಪ್ಲೆಟ್ ದೊಡ್ಡವರಾಗಿ ತಮ್ಮ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಗಾಲ್ಫ್ ಆಡಿದರು, ಹಲವು ದೇಶಗಳನ್ನು ಸುತ್ತಿದರು. 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಇತಿಹಾಸದಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕ್ಯಾನರ್ ಅವರ ಬಳಿ ರಕ್ತಪರೀಕ್ಷೆ ಇರಲಿಲ್ಲ, ಎಕ್ಸ್‌ರೇ ಇರಲಿಲ್ಲ. ಇದ್ದದ್ದು ಹೆತ್ತವರ ವರದಿ ಮತ್ತು ತಮ್ಮ ಕಣ್ಣು. ಎಂಬತ್ತು ವರ್ಷಗಳು ಕಳೆದಿವೆ. ಇಂದಿಗೂ ಆಟಿಸಂ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಮಿದುಳಿನ ಚಿತ್ರವಾಗಲಿ ಇಲ್ಲ. 2013ರಲ್ಲಿ ಹೊರಬಂದ ಡಿ.ಎಸ್.ಎಂ.-5 ಎಂಬ ಕೈಪಿಡಿ ಎರಡು ಬಗೆಯ ಲಕ್ಷಣಗಳನ್ನು ಹೇಳುತ್ತದೆ: ಇತರರೊಡನೆ ಬೆರೆಯುವುದರಲ್ಲಿ ಹಾಗೂ ಸಂಭಾಷಿಸುವುದರಲ್ಲಿ ತೊಡಕು, ಒಂದೇ ಬಗೆಯ ನಡವಳಿಕೆಯ ಪುನರಾವರ್ತನೆ, ಸೀಮಿತವಾದ ಆಸಕ್ತಿಗಳು, ಸದ್ದು ಸ್ಪರ್ಶಾದಿಗಳಿಗೆ ಅತಿಯಾದ ಅಥವಾ ಅತಿ ಕಡಿಮೆಯಾದ ಪ್ರತಿಕ್ರಿಯೆ. ಇವೆರಡೂ ಬಾಲ್ಯದಿಂದಲೇ ಇದ್ದು ಬದುಕಿಗೆ ಅಡಚಣೆಯಾಗುವಂತಿದ್ದರೆ ಆಟಿಸಂ ಎಂಬ ಹೆಸರು. ಆದುದರಿಂದಲೇ ಅನುಭವಸ್ಥರು ಮಗುವನ್ನು ಗಂಟೆಗಟ್ಟಲೆ ನೋಡಬೇಕಾಗುತ್ತದೆ, ಅಂಥವರು ಕಡಿಮೆ, ಮಕ್ಕಳು ಹೆಚ್ಚು, ಸರದಿ ಉದ್ದ.

ಸರದಿಯಲ್ಲಿ ನಿಂತವರನ್ನು ಮೊದಲು ಕಾಡುವುದು ಒಂದು ಸಂಖ್ಯೆ. ಎಂ-ಚಾಟ್ ಎಂಬ ಪ್ರಶ್ನಾವಳಿಯೊಂದುಂಟು. ಅದು 16ರಿಂದ 30 ತಿಂಗಳ ಮಕ್ಕಳಿಗಾಗಿ ರಚಿತವಾದುದು. ಅದರ ಈಗಿನ ರೂಪದಲ್ಲಿ ಇಪ್ಪತ್ತು ಪ್ರಶ್ನೆಗಳಿವೆ. ಮಗು ಬೆರಳು ತೋರಿಸುತ್ತದೆಯೇ? ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ನೀವು ನಕ್ಕರೆ ನಗುತ್ತದೆಯೇ? ಉತ್ತರ ನಿರೀಕ್ಷೆಗೆ ವಿರುದ್ಧವಾದಾಗಲೆಲ್ಲ ಒಂದು ಅಂಕ. ಎರಡರವರೆಗೆ ಬಂದರೆ ಸಂಭವ ಕಡಿಮೆ. 3ರಿಂದ 7 ಮಧ್ಯಮ. 8 ಮತ್ತು ಅದಕ್ಕೂ ಮೇಲೆ ಹೆಚ್ಚು. ಇಪ್ಪತ್ತಾರನೆಯ ತಿಂಗಳಲ್ಲಿ ನಮ್ಮ ಮಗನಿಗೆ ಬಂದದ್ದು 7. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಒಂದು ಹಾಳೆಯನ್ನು ತೆಗೆದುಕೊಂಡು ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಪ್ರೌಢಶಾಲೆಯ ಗಣಿತ ಸಾಕು. ಹತ್ತು ಸಾವಿರ ಮಕ್ಕಳಿರುವರೆಂದೂ, ಅವರಲ್ಲಿ ನೂರಕ್ಕೊಬ್ಬರಂತೆ 100 ಮಕ್ಕಳಿಗೆ ಆಟಿಸಂ ಇದೆಯೆಂದೂ ಇಟ್ಟುಕೊಳ್ಳೋಣ. ನಮ್ಮ ಕಾಲ್ಪನಿಕ ಪ್ರಶ್ನಾವಳಿ ಆ 100ರಲ್ಲಿ 85ನ್ನು ಗುರುತಿಸಬಲ್ಲದು. ಇಲ್ಲದವರಲ್ಲಿ ನೂರಕ್ಕೆ ಮೂವರನ್ನು ಮಾತ್ರ ತಪ್ಪಾಗಿ ಬೊಟ್ಟುಮಾಡುವುದು. ಇದೊಂದು ಒಳ್ಳೆಯ ಪರೀಕ್ಷೆಯೇ ಸರಿ. ಈಗ ನೋಡಿ: ಆಟಿಸಂ ಇಲ್ಲದ ಮಕ್ಕಳು 9,900. ಅವರಲ್ಲಿ ನೂರಕ್ಕೆ ಮೂರರಂತೆ ತಪ್ಪಾಗಿ ಗುರುತಾದವರು 297. ಸರಿಯಾಗಿ ಗುರುತಾದವರು 85. ಒಟ್ಟು ಬಲೆಗೆ ಬಿದ್ದವರು 382. ಅವರಲ್ಲಿ ನಿಜವಾಗಿ ಆಟಿಸಂ ಇರುವವರು ನೂರಕ್ಕೆ ಇಪ್ಪತ್ತೆರಡು ಮಾತ್ರ! ಪರೀಕ್ಷೆ ಕೆಟ್ಟದ್ದೆಂದು ಹೀಗಾಗಲಿಲ್ಲ. ಇಲ್ಲದವರ ಗುಂಪು ಅಷ್ಟು ದೊಡ್ಡದಾದ್ದರಿಂದ ಆಯಿತು. ಪರೀಕ್ಷೆಯ ಬಲೆಯಿಂದ ನುಸುಳಿಹೋದ 15 ಮಕ್ಕಳೂ ಇದ್ದಾರೆಂಬುದನ್ನು ಮರೆಯಬಾರದು; ಅಂಕ ಕಡಿಮೆ ಬಂದಿತೆಂದ ಮಾತ್ರಕ್ಕೆ ಸಂದೇಹ ತೀರಿತೆಂದಲ್ಲ.

ಈ ಕಾರಣದಿಂದಲೇ ಮೊದಲ ಸುತ್ತಿನಲ್ಲಿ ಅಂಕ ಹೆಚ್ಚು ಬಂದ ಮನೆಯವರನ್ನು ಕೂರಿಸಿಕೊಂಡು ಪ್ರತಿಯೊಂದು ಉತ್ತರವನ್ನೂ ಬಿಡಿಸಿ ಕೇಳುವ ಎರಡನೆಯ ಸುತ್ತನ್ನು ಇಟ್ಟಿದ್ದಾರೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16,071 ಮಕ್ಕಳನ್ನು ಹೀಗೆ ಸೋಸಿ ನೋಡಿದರು. ಎರಡೂ ಸುತ್ತುಗಳಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಆಟಿಸಂ ಎಂದು ನಿರ್ಣಯವಾದದ್ದು ನೂರಕ್ಕೆ 47.5. ನಾಣ್ಯ ಚಿಮ್ಮಿದಂತಾಯಿತಲ್ಲ ಎಂದು ನಿಟ್ಟುಸಿರು ಬಿಡುವುದಕ್ಕೆ ಮೊದಲು ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನು ಓದಬೇಕು. ಆ ಮಕ್ಕಳಲ್ಲಿ ನೂರಕ್ಕೆ 94.6 ಮಂದಿಗೆ ಆಟಿಸಂ ಅಲ್ಲದಿದ್ದರೆ ಮಾತಿನ ವಿಳಂಬವೋ ಬೆಳವಣಿಗೆಯ ಬೇರಾವುದೋ ತೊಡಕೋ ಇದ್ದೇ ಇತ್ತು. ಎಂದರೆ, 'ಇದು ಆಟಿಸಮ್ಮೇ?' ಎಂಬ ಪ್ರಶ್ನೆ ಅರ್ಧಕ್ಕರ್ಧ ತೆರೆದೇ ಇದ್ದರೂ, 'ಈ ಮಗುವಿಗೆ ನೆರವು ಬೇಕೇ?' ಎಂಬ ಪ್ರಶ್ನೆ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಮೊದಲ ಪ್ರಶ್ನೆಗೆ ಐದು ತಿಂಗಳು ಕಾಯಬೇಕು, ಎರಡನೆಯದಕ್ಕೆ ಕಾಯಬೇಕಾದ್ದಿಲ್ಲ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ದಿನದಿಂದ ನಮ್ಮ ಮನೆಯಲ್ಲಿ ಊಟ ಮತ್ತೆ ಕ್ರಮಕ್ಕೆ ಬಂತೆನ್ನಬಹುದು.

ಇನ್ನು, ಪರೀಕ್ಷೆಯಿಂದ ಕರಗುವ ಸಂದೇಹಕ್ಕೆ ಉತ್ತಮ ಉದಾಹರಣೆ ಕಿವಿ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸುವುದೇ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಯಬೇಕು. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿಬರುತ್ತಾನಲ್ಲ ಎಂಬ ವಾದ ಸಾಲದು. ಕೆಲವು ಆವೃತ್ತಿಗಳ ಸದ್ದು ಕೇಳಿ, ಮಾತಿಗೆ ಬೇಕಾದ ಆವೃತ್ತಿಗಳು ಕೇಳದಿರುವುದೂ ಉಂಟು. ಎರಡು ವರ್ಷದ ಮಗುವನ್ನು 'ಸದ್ದು ಕೇಳಿದಾಗ ಕೈ ಎತ್ತು' ಎನ್ನಲಾಗದು. ಆದುದರಿಂದ ಮಗುವನ್ನು ಬಿಟ್ಟು ಅದರ ನರವನ್ನೇ ಕೇಳುತ್ತಾರೆ. ಈ ಪರೀಕ್ಷೆಗೆ ಬೆರಾ ಎಂದು ಹೆಸರು.

ಮಗು ನಿದ್ರೆಯಲ್ಲಿರಬೇಕು. ನಮ್ಮ ಮಗನನ್ನು ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ, ಬಸ್ಸಿನಲ್ಲಿ ತೂಕಡಿಸಗೊಡದೆ ಕರೆದೊಯ್ದೆವು. ಆ ಪ್ರಯಾಣದ ವರ್ಣನೆ ಇಲ್ಲಿ ಬೇಡ. ಹಣೆಯ ಮೇಲೂ ಕಿವಿಗಳ ಹಿಂದೆಯೂ ಸಣ್ಣ ವಿದ್ಯುದಗ್ರಗಳನ್ನು ಅಂಟಿಸಿ, ಕಿವಿಯೊಳಗೆ 'ಟಿಕ್, ಟಿಕ್' ಎಂಬ ಸದ್ದನ್ನು ಬಿಡುತ್ತಾರೆ. ಪ್ರತಿಯೊಂದು ಸದ್ದಿಗೂ ಶ್ರವಣನರ ಮತ್ತು ಮಿದುಳಿನ ಕಾಂಡ ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ ಐದಾರು ಪುಟ್ಟ ಅಲೆಗಳಾಗಿ ಮಿಡಿಯುತ್ತವೆ. ಆದರೆ ಆ ಮಿಡಿತ ಒಂದು ಮೈಕ್ರೋವೋಲ್ಟಿಗೂ ಕಡಿಮೆ, ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೂ ಕಡಿಮೆ. ಮಿದುಳು ತನ್ನಷ್ಟಕ್ಕೆ ತಾನು ಎಬ್ಬಿಸುತ್ತಿರುವ ವಿದ್ಯುತ್ತಿನ ಗದ್ದಲ ಅದರ ಹತ್ತಾರು ಪಟ್ಟು. ಸಂತೆಯ ನಡುವೆ ಒಬ್ಬ ಪಿಸುಗುಟ್ಟಿದಂತೆ.

ಹೀಗಿರಲು ಆ ಪಿಸುಮಾತನ್ನು ಹೆಕ್ಕುವುದೆಂತು? ಟಿಕ್ ಸದ್ದನ್ನು ಎರಡು ಸಾವಿರ ಬಾರಿ ಕೇಳಿಸಿ, ಎರಡು ಸಾವಿರ ದಾಖಲೆಗಳನ್ನೂ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುತ್ತಾರೆ. ನರದ ಉತ್ತರ ಪ್ರತಿ ಬಾರಿಯೂ ಒಂದೇ ಕ್ಷಣದಲ್ಲಿ, ಒಂದೇ ಆಕಾರದಲ್ಲಿ ಬರುವುದರಿಂದ ಹಾಗೆಯೇ ಉಳಿಯುತ್ತದೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಎಷ್ಟು ಅಳಿಯುತ್ತದೆಂದರೆ, ದಾಖಲೆಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು. 2,000ದ ವರ್ಗಮೂಲ ಸುಮಾರು 45. ಗದ್ದಲ 10 ಮೈಕ್ರೋವೋಲ್ಟ್, ಸಂಕೇತ ಅರ್ಧ ಮೈಕ್ರೋವೋಲ್ಟ್ ಎಂದಿಟ್ಟುಕೊಂಡರೆ, ಸರಾಸರಿಯ ಬಳಿಕ ಗದ್ದಲ 0.22ಕ್ಕೆ ಇಳಿದಿರುತ್ತದೆ, ಸಂಕೇತ ಅದರ ಎರಡು ಪಟ್ಟಿಗೂ ಮಿಗಿಲಾಗಿ ತಲೆಯೆತ್ತಿ ನಿಲ್ಲುತ್ತದೆ. ಸದ್ದನ್ನು ಹಂತಹಂತವಾಗಿ ತಗ್ಗಿಸುತ್ತ, ಅಲೆ ಎಲ್ಲಿಯವರೆಗೆ ಉಳಿಯುವುದೆಂದು ನೋಡಿದರೆ ಕಿವಿಯ ಮಿತಿ ತಿಳಿಯುತ್ತದೆ. ಗೋಡೆಗೊರಗಿ ನಿಂತು ಆ ಗೆರೆ ಮೂಡುವುದನ್ನು ನೋಡುತ್ತಿದ್ದಾಗ, ಮಗುವಿನ ವಿಷಯ ಒಂದು ನಿಮಿಷ ಮರೆತೇಹೋಗಿತ್ತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಎರಡು ಕಿವಿಗಳೂ ಸರಿಯಾಗಿದ್ದವು. ಒಂದು ಸಂದೇಹ ಅಲ್ಲಿಗೆ ತೀರಿತು.

ಮನೆಯಲ್ಲಿ ಹೆತ್ತವರು ಮಾಡುವ ಅವಲೋಕನವೂ ಇದೇ ಬಗೆಯದು. ಸೋಮವಾರ ಹೆಸರು ಕರೆದಾಗ ಮಗು ತಿರುಗಿತು: 'ನೋಡಿ, ಏನೂ ಇಲ್ಲ, ಸುಮ್ಮನೆ ಹೆದರಿದೆವು!' ಮಂಗಳವಾರ ನೆಂಟರ ಮನೆಯಲ್ಲಿ ಮೂಲೆಯಲ್ಲಿ ಕುಳಿತು ಬಾಗಿಲನ್ನು ತೆರೆದು ಮುಚ್ಚಿ ಮಾಡಿತು: 'ಇನ್ನು ಸಂದೇಹವೇ ಇಲ್ಲ.' ಎರಡೂ ಒಂದೊಂದು ಟಿಕ್ ಸದ್ದು, ಅಷ್ಟೆ. ನಿದ್ದೆಗೆಟ್ಟ ಮಗು, ಹಲ್ಲು ಬರುತ್ತಿರುವ ಮಗು, ಹೊಸಬರನ್ನು ಕಂಡ ಮಗು ಯಾವುದೂ ಒಂದೇ ತೆರನಾಗಿ ನಡೆದುಕೊಳ್ಳದು. ಹೀಗೆ ದಿನಕ್ಕೆ ಎರಡು ಬಾರಿ ತೀರ್ಪು ಕೊಟ್ಟು ನಾವಿಬ್ಬರೂ ಬಳಲಿದಮೇಲೆ ಮಗುವಿನ ತಾಯಿ ಒಂದು ನೋಟ್‌ಬುಕ್ ತಂದಿಟ್ಟಳು. ಬೆಳಿಗ್ಗೆ ಐದು ಬಾರಿ, ಸಂಜೆ ಐದು ಬಾರಿ, ಬೆನ್ನ ಹಿಂದೆ ಮೂರು ಅಡಿ ದೂರದಿಂದ, ಕೈಯಲ್ಲಿ ತಿಂಡಿಯಿಲ್ಲದೆ, ಮುಟ್ಟದೆ, ಹೆಸರು ಹಿಡಿದು ಕರೆಯುವುದು. ತಿರುಗಿದನೋ ಇಲ್ಲವೋ ಬರೆಯುವುದು. ವ್ಯಾಖ್ಯಾನ ಬೇಡ. ಯಾರ ಪ್ರಯೋಗಶಾಲೆಯ ಶಿಸ್ತು ಮೇಲು ಎಂಬುದು ನಮಗೆ ಅಂದು ತಿಳಿಯಿತು.

ಸರಾಸರಿಗೂ ಒಂದು ಮಿತಿ ಉಂಟು. ಅದು ಅತ್ತಿತ್ತ ಹೊಯ್ದಾಡುವ ದೋಷವನ್ನು ಮಾತ್ರ ಕಡಿಮೆ ಮಾಡಬಲ್ಲದು. ಕ್ಯಾಲಿಪರ್ಸಿನ ಶೂನ್ಯವೇ ತಪ್ಪಿದ್ದರೆ ಸಾವಿರ ಸಲ ಅಳೆದರೂ ಆ ತಪ್ಪು ಹಾಗೆಯೇ ನಿಲ್ಲುವುದು. ಹೆತ್ತವರ ಕಣ್ಣಿಗೂ ಇಂಥ ಶೂನ್ಯದೋಷವಿದೆ. 'ಆಟಿಸಂ' ಎಂಬ ಪದ ಕಿವಿಗೆ ಬೀಳುವುದಕ್ಕೆ ಮೊದಲು ನಮಗೆ ಏನೂ ಕಾಣುತ್ತಿರಲಿಲ್ಲ. ಬಿದ್ದ ಬಳಿಕ, ಫ್ಯಾನನ್ನು ನೋಡಿ ನಕ್ಕರೂ ಲಕ್ಷಣ, ಕಾಲ್ಬೆರಳ ಮೇಲೆ ನಡೆದರೂ ಲಕ್ಷಣ. ಅಜ್ಜಿಯ ಕಣ್ಣಿನ ದೋಷ ಇನ್ನೊಂದು ದಿಕ್ಕಿನದು. "ಇವನ ಅಪ್ಪನಿಗೂ ಮೂರು ವರ್ಷದವರೆಗೆ ಮಾತು ಬಂದಿರಲಿಲ್ಲ ಕಣಮ್ಮ. ಈಗ ನೋಡು, ಗಂಟೆಗಟ್ಟಲೆ ಪಾಠ ಹೇಳ್ತಾನೆ" ಎಂದು ಅವರು ಸೊಸೆಗೆ ಸಮಾಧಾನ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ; ತಡವಾಗಿ ಮಾತು ಬಂದು ಸರಿಹೋದ ಮಕ್ಕಳು ಬಹಳ. ಆದರೆ ಅವರು ಮಾತು ಬರುವ ಮೊದಲೇ ಬೆರಳು ತೋರಿಸುತ್ತಿದ್ದರೇ, ಕಣ್ಣಿಂದಲೇ ಕೇಳುತ್ತಿದ್ದರೇ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅಲ್ಲದೆ, ಒಮ್ಮೆ ಬಂದ ಮಾತು ಹೋಗುವುದು ತಡವಾಗಿ ಬರುವುದಕ್ಕಿಂತ ಬೇರೆಯೇ ಆದ ಸಂಗತಿ. ಅದನ್ನು ಯಾವ ವಯಸ್ಸಿನಲ್ಲಿಯೂ ವೈದ್ಯರಿಗೆ ಕೂಡಲೇ ತಿಳಿಸಬೇಕು. ನಾವು ಇಪ್ಪತ್ತೊಂದನೆಯ ತಿಂಗಳಲ್ಲಿ ಒಬ್ಬ ವೈದ್ಯರ ಬಳಿ ಹೋಗಿದ್ದೆವು. 'ಗಂಡುಮಕ್ಕಳಿಗೆ ತಡ, ಕಾದು ನೋಡಿ' ಎಂದರು. ಆ ಮಾತು ನಮಗೆ ಬೇಕಾಗಿತ್ತು. ಹೋದ ಮೂರು ಮಾತುಗಳ ವಿಷಯವನ್ನು ನಾವೂ ಒತ್ತಿ ಹೇಳಲಿಲ್ಲ. ಐದು ತಿಂಗಳು ಅಲ್ಲಿ ಕಳೆಯಿತು.

ಈ ದೋಷಗಳನ್ನು ತಿದ್ದುವುದಕ್ಕೇ ಹೊರಗಿನ ಕಣ್ಣು ಬೇಕಾದದ್ದು. ನಿರ್ಣಯದ ದಿನ ತಜ್ಞರು ಗರ್ಭದಿಂದ ಇಂದಿನವರೆಗಿನ ಚರಿತ್ರೆಯನ್ನು ಕೇಳಿ, ಮಗುವಿನೊಡನೆ ನೆಲದ ಮೇಲೆ ಕುಳಿತು ಆಡಿ, ಗುಳ್ಳೆ ಊದಿ, ಚೆಂಡು ಉರುಳಿಸಿ ನೋಡುತ್ತಾರೆ. ಕೈಗೆಟುಕದ ಡಬ್ಬಿಯಲ್ಲಿ ಆಟಿಕೆ ಇಟ್ಟರೆ ಮಗು ಡಬ್ಬಿಯನ್ನು ಮಾತ್ರ ನೋಡುವುದೋ, ಡಬ್ಬಿಯನ್ನೂ ಅವರ ಮುಖವನ್ನೂ ನೋಡುವುದೋ? ಅನುಭವಸ್ಥರ ನಿರ್ಣಯ ಎಷ್ಟು ನೆಲೆ ನಿಲ್ಲುವುದೆಂಬುದನ್ನೂ ಅಳೆದಿದ್ದಾರೆ. 2019ರಲ್ಲಿ ಪ್ರಕಟವಾದ, 1,269 ಎಳೆಯ ಮಕ್ಕಳ ಅಧ್ಯಯನವೊಂದರಲ್ಲಿ, ಮೊದಲು ಆಟಿಸಂ ಎಂದು ಹೇಳಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ 84 ಮಂದಿಗೆ ಮುಂದಿನ ಪರೀಕ್ಷೆಯಲ್ಲಿಯೂ ಅದೇ ನಿರ್ಣಯ ಬಂತು.

ಈಗ ಯಾವ ಪರೀಕ್ಷೆಗೂ ಕರಗದ ಸಂದೇಹಕ್ಕೆ ಬರೋಣ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ಸಿದ್ಧಪಡಿಸಿದ ಭಾರತೀಯ ಮಾಪಕವೊಂದು 2009ರಲ್ಲಿ ಹೊರಬಂತು. ಅದರಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಕನಿಷ್ಠ 40, ಗರಿಷ್ಠ 200. ಎಪ್ಪತ್ತಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ. 70ರಿಂದ 106 ಸೌಮ್ಯ. 107ರಿಂದ 153 ಮಧ್ಯಮ. ಅದರ ಮೇಲೆ ತೀವ್ರ. 69 ಬಂದ ಮಗುವಿಗೂ 70 ಬಂದ ಮಗುವಿಗೂ ನಿಸರ್ಗದಲ್ಲಿ ಏನು ಅಂತರ? ಏನೂ ಇಲ್ಲ. ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಯಲ್ಲಿ ಕುದಿಯುವುದು ನಿಸರ್ಗದ ಗೆರೆ. ಪರೀಕ್ಷೆಯಲ್ಲಿ 35 ಅಂಕಕ್ಕೆ ಪಾಸೆನ್ನುವುದು ಮನುಷ್ಯ ಎಳೆದ ಗೆರೆ. ಆಟಿಸಮ್ಮಿನ ಗೆರೆ ಎರಡನೆಯ ಬಗೆಯದು. ಕಾಮನಬಿಲ್ಲಿನಲ್ಲಿ ಹಸುರು ಎಲ್ಲಿ ಮುಗಿದು ನೀಲಿ ಎಲ್ಲಿ ಮೊದಲಾಯಿತೆಂದು ತೋರಿಸಲಾಗದಿದ್ದರೂ ಹಸುರೂ ನೀಲಿಯೂ ಬೇರೆಯೇ. ಗೆರೆ ಮನುಷ್ಯ ಎಳೆದದ್ದೆಂದು ನಿರರ್ಥಕವಾಗದು. ಚಿಕಿತ್ಸೆ, ಪ್ರಮಾಣಪತ್ರ, ಶಾಲೆಯ ಸೌಲಭ್ಯಗಳೆಲ್ಲ ಅದನ್ನು ಅವಲಂಬಿಸಿವೆ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಪಟ್ಟಿಮಾಡಿದ 21 ಸ್ಥಿತಿಗಳಲ್ಲಿ ಆಟಿಸಮ್ಮೂ ಒಂದು. ಆದರೆ ನಮ್ಮ ಮಗು ಗೆರೆಯ ಹತ್ತಿರವೇ ನಿಂತಿದ್ದರೆ, ಇಬ್ಬರು ಒಳ್ಳೆಯ ತಜ್ಞರು ಎರಡು ಮಾತು ಹೇಳಬಹುದು, ಇಬ್ಬರೂ ತಪ್ಪಿರಲಾರರು. ನಿರ್ಣಯದ ದಿನ ಎಲ್ಲವೂ ತಿಳಿಯಾಗುವುದೆಂದು ನಂಬಿ ಹೋಗುವ ಹೆತ್ತವರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಮಗು ಎಂದು ಮಾತಾಡುವುದು, ಎಷ್ಟು ಓದುವುದು ಎಂಬುದನ್ನೂ ಅಂದು ಯಾರೂ ಹೇಳಲಾರರು.

ಉಳಿದದ್ದು ಮೂರನೆಯ ಜಾತಿ: 'ನಮ್ಮಿಂದಲೇ ಆಯಿತೇ?' ರಾತ್ರಿ ಎಲ್ಲರೂ ಮಲಗಿದಮೇಲೆ ಬರುವ ಸಂದೇಹ ಇದು. ವಿಜ್ಞಾನಿಗಳೇ ಇದನ್ನು ಒಂದು ಕಾಲದಲ್ಲಿ ಬಿತ್ತಿದರೆಂಬುದು ಖೇದದ ಸಂಗತಿ. ಹೆತ್ತವರಲ್ಲಿ, ಅದರಲ್ಲೂ ತಾಯಿಯಲ್ಲಿ, ಪ್ರೀತಿಯ ಬಿಸುಪಿಲ್ಲದ್ದೇ ಕಾರಣವೆಂದು ದಶಕಗಟ್ಟಲೆ ಬರೆದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕ ಅದನ್ನೇ ಮನೆಮನೆಗೆ ಮುಟ್ಟಿಸಿತು. ಅದಕ್ಕೆ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ ಆ ವಾದವನ್ನು ಪುಸ್ತಕರೂಪದಲ್ಲಿ ಖಂಡಿಸಿದ್ದರು. ಅವರ ಮಗನಿಗೂ ಆಟಿಸಂ ಇತ್ತು. ಮೊದಮೊದಲು ಹೆತ್ತವರ ತಣ್ಣನೆಯ ಸ್ವಭಾವವನ್ನು ಎತ್ತಿ ಆಡಿದ್ದ ಕ್ಯಾನರ್ ಅವರೇ 1969ರಲ್ಲಿ ಹೆತ್ತವರ ಸಭೆಯೊಂದರಲ್ಲಿ, ತಪ್ಪು ನಿಮ್ಮದಲ್ಲವೆಂದು ಸಾರಿದರು. 1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ 21 ಜೋಡಿ ಅವಳಿ ಮಕ್ಕಳನ್ನು ಅಭ್ಯಸಿಸಿದರು. ಏಕರೂಪದ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಏಕರೂಪವಲ್ಲದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡೂ ಬಗೆಯ ಅವಳಿಗಳು ಸಾಮಾನ್ಯವಾಗಿ ಒಂದೇ ಮನೆಯಲ್ಲಿ, ಒಂದೇ ತಾಯಿಯ ಕೈಯಲ್ಲಿ ಬೆಳೆಯುವರು. ಆ ಬಳಿಕ ನಡೆದ ದೊಡ್ಡ ಅಧ್ಯಯನಗಳೆಲ್ಲ ಅನುವಂಶೀಯತೆಯ ಪಾತ್ರವನ್ನು ಇನ್ನಷ್ಟು ಗಟ್ಟಿಮಾಡಿವೆ.

ಲಸಿಕೆಯ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಹನ್ನೆರಡು ಮಕ್ಕಳನ್ನು ಆಧರಿಸಿ 1998ರಲ್ಲಿ ಬಂದ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ದಾಖಲೆಗಳಲ್ಲಿ ದಡಾರ ಲಸಿಕೆಗೂ ಆಟಿಸಮ್ಮಿಗೂ ಯಾವ ನಂಟೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಕನ್ನಡ, ಮಗುವಿನ ತಾಯಿಯ ತವರಿನಲ್ಲಿ ತೆಲುಗು. ಎರಡು ನುಡಿಗಳಿಂದ ಮಗು ಗೊಂದಲಕ್ಕೊಳಗಾಯಿತೆಂದು ಹೇಳಿದವರಿದ್ದಾರೆ. ಎರಡು ನುಡಿಗಳು ಆಟಿಸಂ ತರುವುದಿಲ್ಲ. ಮೊಬೈಲಿನ ಪರದೆಯೇ ಕಾರಣವೆಂಬುದೂ ಸಿದ್ಧಪಟ್ಟಿಲ್ಲ. ಆದರೆ ಪರದೆಯ ಮುಂದೆ ಕಳೆದ ಗಂಟೆ ಯಾರೊಡನೆಯೂ ಆಡದೆ ಕಳೆದ ಗಂಟೆ ಎಂಬುದು ನಿಜವಾದ್ದರಿಂದ ನಾವು ಅದನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದೇವೆ.

ಕಾಯುವ ತಿಂಗಳುಗಳನ್ನು ಬರಿದೆ ಕಳೆಯಬೇಕಾದ್ದಿಲ್ಲವೆಂದು ಮೇಲೆ ಹೇಳಿದೆವಷ್ಟೆ. 2021ರಲ್ಲಿ ಆಸ್ಟ್ರೇಲಿಯದಿಂದ ಒಂದು ಪ್ರಯೋಗದ ಫಲ ಬಂತು. ಆಟಿಸಮ್ಮಿನ ಆರಂಭದ ಸುಳಿವುಗಳನ್ನು ತೋರಿದ, ವರ್ಷದ ಆಚೀಚಿನ ಕೂಸುಗಳು. ಹೆಸರಿಡುವ ವಯಸ್ಸು ಬಂದಿರಲಿಲ್ಲ. ಒಂದು ಗುಂಪಿನ ಹೆತ್ತವರಿಗೆ ಅವರೇ ಮಗುವಿನೊಡನೆ ಆಡುವ ವೀಡಿಯೋ ತೋರಿಸಿ, ಮಗು ಯಾವಾಗ ಏನನ್ನು ಸೂಚಿಸಿತು, ಹೇಗೆ ಉತ್ತರಿಸಬಹುದು ಎಂದು ಕಲಿಸಿದರು. ಮೂರು ವರ್ಷ ತುಂಬಿದಾಗ ಈ ಗುಂಪಿನಲ್ಲಿ ಆಟಿಸಂ ಎಂದು ನಿರ್ಣಯವಾದವರು ನೂರಕ್ಕೆ 6.7, ಇನ್ನೊಂದು ಗುಂಪಿನಲ್ಲಿ 20.5. ಗುಂಪುಗಳು ಚಿಕ್ಕವು, 45 ಮತ್ತು 44 ಮಕ್ಕಳು. ಇದನ್ನು 'ಗುಣಪಡಿಸುವ ವಿಧಾನ' ಎಂದು ಕರೆದರೆ ತಪ್ಪಾಗುವುದು. ಆದರೆ ಹೆಸರಿಗಾಗಿ ಕಾಯದೆ ನೆರವನ್ನು ಆರಂಭಿಸಬಹುದೆಂಬುದಕ್ಕೆ ಇದು ಸಾಕಷ್ಟು ಆಧಾರ. ನಮ್ಮ ರಾಜ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಪ್ರಸಿದ್ಧವಾಗಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ಡಿ.ಇ.ಐ.ಸಿ. ಎಂಬ ಕೇಂದ್ರಗಳು ತೆರೆದಿವೆ. ಅಂಗನವಾಡಿಯ ತಪಾಸಣೆಯಿಂದಲೇ ಮಗುವನ್ನು ಅಲ್ಲಿಗೆ ಕಳುಹಿಸಬಹುದು.

ನಮ್ಮ ಮಗ ಮೂರು ತಿಂಗಳಿಂದ ವಾರಕ್ಕೆರಡು ದಿನ ವಾಕ್ ಚಿಕಿತ್ಸೆಗೆ ಹೋಗುತ್ತಿದ್ದಾನೆ. ಅಲ್ಲಿ ಹೇಳಿಕೊಟ್ಟದ್ದು ಸರಳ. ಅವನು ವಿಷಲ್ ತಿರುಗಿಸುತ್ತಿದ್ದರೆ ಕಿತ್ತುಕೊಳ್ಳಬೇಡಿ, ಎದುರು ಕುಳಿತು ಇನ್ನೊಂದನ್ನು ನೀವೂ ತಿರುಗಿಸಿ, ನಿಲ್ಲಿಸಿ, ಕಾಯಿರಿ, ಅವನು ಕಣ್ಣೆತ್ತಿದರೆ ಕೂಡಲೇ ಮತ್ತೆ ತಿರುಗಿಸಿ. ಭೌತವಿಜ್ಞಾನದ ಅಧ್ಯಾಪಕರಿಗೆ ತಿರುಗುವ ವಸ್ತುಗಳನ್ನು ನೋಡುತ್ತ ಕೂರುವುದು ಶಿಕ್ಷೆಯೇನೂ ಅಲ್ಲ. ನೆಂಟರು ಬಂದಾಗ ಕೊಡುವ ಸಲಹೆಗಳಿಗಿಂತ, ಕಾಲೇಜು ಓದುವ ಅವನ ಚಿಕ್ಕಮ್ಮ ದಿನವೂ ಸಂಜೆ ಹೀಗೆ ಅರ್ಧ ಗಂಟೆ ಅವನೆದುರು ಕುಳಿತಿರುವುದೇ ನಮಗೆ ಹೆಚ್ಚಿನ ಉಪಕಾರವಾಗಿದೆ.

ನಿರ್ಣಯದ ದಿನಕ್ಕೆ ಒಯ್ಯಬೇಕಾದ ಚೀಲ ಈಗಾಗಲೇ ಸಿದ್ಧವಾಗಿದೆ: ಹುಟ್ಟಿನ ದಾಖಲೆ, ತಾಯಿ ಕಾರ್ಡು, ಬೆರಾ ವರದಿ, ಒಂದೆರಡು ನಿಮಿಷದ ಆರು ವೀಡಿಯೋಗಳು, ಅವನಿಗೆ ಪ್ರಿಯವಾದ ವಿಷಲ್. ಚಂದಮಾಮನ ಪರೀಕ್ಷೆಯನ್ನು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಮಾತ್ರ ಮಾಡುತ್ತೇವೆ. ನೋಟ್‌ಬುಕ್ಕಿನಲ್ಲಿ ಮೊದಲ ವಾರ 70 ಬಾರಿ ಕರೆದದ್ದಕ್ಕೆ ತಿರುಗಿದ್ದು 9. ಕಳೆದ ವಾರ 70ಕ್ಕೆ 16. ಇದು ಚಿಕಿತ್ಸೆಯ ಫಲವೋ, ವಯಸ್ಸಿನದೋ, ಕರೆಯುವವರ ದನಿಯೇ ಬದಲಾಗಿದೆಯೋ ಹೇಳುವಂತಿಲ್ಲ. ಮಗುವಿನ ತಾಯಿ ಕೊನೆಯ ಕಾರಣಕ್ಕಾಗಿ, ಮುಂದಿನ ವಾರದಿಂದ ಅಜ್ಜಿಯೇ ಕರೆಯಬೇಕೆಂದು ಗೊತ್ತುಮಾಡಿದ್ದಾಳೆ.